ವಿನೆಗರ್ ಬಾಟಲಿ

ಇಂಡಿಯಾನದ ಬೆಡ್‌ಫರ್ಡಿನಲ್ಲಿ, ಊರ ಕಾಲೇಜಿನಲ್ಲಿ,
ಮೂವತ್ನಾಲ್ಕು ವರ್ಷ ಕಲ್ಲಿನ ಪಾಠ ಹೇಳಿದವಳು
ನಾನು, ವರ್ನಾ ಹೋಲ್ಕಮ್.
ಈಗ ನನಗೊಂದು ಫಾರಂ ಬಂದಿದೆ:
'ನಿಮ್ಮ ಪಾಠದ ಫಲಿತಾಂಶವನ್ನು
ಇನ್ನೂರೈವತ್ತು ಅಕ್ಷರ ಮೀರದಂತೆ ತಿಳಿಸಿ.'
ಖಾಲಿ ಚೌಕದಲ್ಲಿ ಕರ್ಸರ್ ಮಿಟುಕುತ್ತದೆ,
ಅರ್ಥವಾಗದಾಗ ಮುಂದಿನ ಬೆಂಚಿನವರ ಕಣ್ಣು
ಒಂದು ಕಾಲಕ್ಕೆ ಮಿಟುಕುತ್ತಿದ್ದ ಹಾಗೆ.

ಅಪ್ಪ ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು.
ಇಲ್ಲಿಯ ಕ್ವಾರಿಯಲ್ಲಿ ಅವನು ಕೊಯ್ದ ಸುಣ್ಣಗಲ್ಲು
ರೈಲು ಹತ್ತಿ ಹೋಗಿ ದೊಡ್ಡ ಊರುಗಳ ಬ್ಯಾಂಕುಗಳಿಗೆ ಮುಖವಾಯಿತು.
ಸಂಜೆ, ಊಟದ ಡಬ್ಬಿಯಲ್ಲಿ ನನಗೆಂದು ಒಂದು ಚೂರು.
'ಓದು' ಅನ್ನುತ್ತಿದ್ದ.
ಕಲ್ಲಲ್ಲಿ ಏನು ಓದಲಿ ಅಂದರೆ
ಅಡುಗೆಮನೆಯ ವಿನೆಗರ್ ಒಂದು ತೊಟ್ಟು ಬಿಡುತ್ತಿದ್ದ:
ಸುಂಯ್ ಅಂತ ನೊರೆ.
'ನೋಡು, ಇದು ಸಮುದ್ರ ಇತ್ತು.'

ಹೋದ ವರ್ಷ ನಮ್ಮ ವ್ಯಾನು ಮಾರಿದರು.
ಕ್ವಾರಿಗೆ ಕರೆದೊಯ್ಯುವಂತಿಲ್ಲ, ವಿಮೆ ಒಪ್ಪುವುದಿಲ್ಲ.
ಆಸಿಡ್ ಸೀಸೆಗೆ ಬೀಗ. ಬೀಗದ ಕೈ ಯಾರ ಬಳಿ ಎಂಬುದಕ್ಕೊಂದು ಸಮಿತಿ.
ಆದರೆ ಹೊಸ ಜಿಮ್ಮಿನಲ್ಲಿ ಮೂರಾಳೆತ್ತರದ ಬಂಡೆ ನಿಂತಿದೆ,
ಪ್ಲಾಸ್ಟಿಕ್ಕಿನದು, ಕೆಂಪು ಹಳದಿ ಗುಬಟು ಹಿಡಿದು ಹತ್ತಬಹುದು;
ಸೇರಬಂದವರಿಗೆ ಮೊದಲು ತೋರಿಸುವುದು ಅದನ್ನೇ.
ಡೀನ್ ಸಭ್ಯಸ್ಥ. ಮಕ್ಕಳನ್ನು ಗಿರಾಕಿಗಳು ಎನ್ನುತ್ತಾನೆ,
ಬಾಯಿತಪ್ಪಿ ಅಲ್ಲ.
ಗಿರಾಕಿಯನ್ನು ಫೇಲು ಮಾಡುವುದು ಹೇಗೆ?

ಒಬ್ಬರ ತಪ್ಪು ಅನ್ನಲಾರೆ.
ಶೆಲ್ಬಿ ಟಿನ್ಸ್‌ಲೀ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗುತ್ತಾಳೆ.
ಮೊದಲಾಗಿದ್ದರೆ ಸೀಮೆಸುಣ್ಣ ಎಸೆಯುತ್ತಿದ್ದೆ.
ರಾತ್ರಿಯೆಲ್ಲ ಗೋದಾಮಿನಲ್ಲಿ ಡಬ್ಬ ಕಟ್ಟುವವಳು
ಹಗಲು, ನನ್ನ ಪಾಠಕ್ಕೆಂದು ಎತ್ತಿದ ಸಾಲದ ಮೇಲೇ
ತಲೆಯಿಟ್ಟು ಮಲಗುತ್ತಾಳೆ.
ಮೊನ್ನೆ ಇಪ್ಪತ್ತೆರಡು ವರದಿ ಬಂದವು.
ಒಂದರಲ್ಲೂ ತಪ್ಪಿಲ್ಲ, ಒಂದಕ್ಕೂ ಧೂಳು ಹತ್ತಿಲ್ಲ.
ಯಂತ್ರ ಬರೆದದ್ದು ಅಂತ ಗೊತ್ತು, ಸಾಬೀತು ಮಾಡಲಾರೆ,
ಮಾಡಿದರೂ ಫಾರಮ್ಮಿನಲ್ಲಿ ಅದಕ್ಕೆ ಚೌಕವಿಲ್ಲ.
ಇಪ್ಪತ್ಮೂರನೆಯದು ಶೆಲ್ಬಿಯದು. ಬಂದಿಲ್ಲ.

ಇವತ್ತು ಅವಳನ್ನು ಎಬ್ಬಿಸಿ ಹೊರಗೆ ಕರೆದೆ.
ಕಾಲೇಜಿನ ಹಳೇ ಮೆಟ್ಟಿಲು, ಊರ ಕಲ್ಲೇ,
ಯಾರೂ ನೋಡದೆ ತುಳಿದು ತುಳಿದು ನಡು ತಗ್ಗಾದದ್ದು.
ಕೈಚೀಲದಿಂದ ಬಾಟಲಿ ತೆಗೆದು
ಉಗುರಗಲ ಬಿಟ್ಟೆ.
(ಜಿಮ್ಮಿನ ಬಂಡೆಗೂ ಬಿಟ್ಟು ನೋಡಿದ್ದೆ, ಕದ್ದು.
ಸುಮ್ಮನೆ ಜಾರಿ ನೆಲಕ್ಕಿಳಿದಿತ್ತು.)

'ಏನೂ ಆಗ್ತಿಲ್ಲ' ಅಂದಳು.
ತಾಳು, ಕಿವಿ ಕೊಡು ಅಂದೆ.
ಗೋದಾಮಿನ ಜಾಕೆಟ್ಟಿನಲ್ಲೇ ಮೊಣಕಾಲೂರಿ
ಮೆಟ್ಟಿಲಿಗೆ ಕಿವಿ ಹಚ್ಚಿದಳು.
ಜಿಮ್ಮಿಗೆ ಹೊರಟವರು ಸುತ್ತಿ ಬಳಸಿ ಹೋದರು.

ಆಮೇಲೆ, ತಲೆಯೆತ್ತದೆ,
'ಇದು ಎಷ್ಟು ಹೊತ್ತಿಂದ ಹೀಗೆ ಸದ್ದು ಮಾಡ್ತಿದೆ?'

ಫಾರಮ್ಮಿಗೆ ಗಡುವು ಸಂಜೆ ಐದು.
ಚೌಕದಲ್ಲಿ ಅವಳ ಪ್ರಶ್ನೆಯನ್ನೇ ಬರೆದೆ.
ಇನ್ನೂರ ಹನ್ನೊಂದು ಅಕ್ಷರ ಬಾಕಿ ಇವೆ
ಎಂದಿತು ಪರದೆ.