ಬಾಗಿಲಿಲ್ಲದ ಎಂಟು

ಟೆಂಪೋದವನು ಬುಟ್ಟಿ ನೋಡಿ ಮೂಗು ಮುಚ್ಚಿದ ದಿನ
ಬೈತಖೋಲದಿಂದ ಸದಾಶಿವಗಡಕ್ಕೆ ನಡೆದೇ ಹೋದೆ,
ಕಾಳಿ ಸೇತುವೆಯ ಮೇಲೆ, ಉರಿಬಿಸಿಲಲ್ಲಿ, ತಾರ್ಲೆ ಹೊತ್ತು.
ಆ ತಿಂಗಳ ಚೀಟಿ ದುಡ್ಡು ಕೈಗೆ ಬಂದದ್ದೇ
ಅಂಕೋಲೆಯ ಮಾಸ್ತರರ ಹಳೇ ಬೈಕು ತಂದೆ.
ಸ್ಕೂಟರ್ ಸಾಕಿತ್ತಲ್ಲ, ಅಂದರು ಕೇರಿಯವರು.
ಗೇರಿನದೇ ಬೇಕು ನನಗೆ. ಕದ್ರಾ ಏರಿಗೆ
ಎರಡು ಬುಟ್ಟಿ, ಮೇಲೆ ನಾನು. ತೂಕ ಕಮ್ಮಿಯೇ?

ಕಲಿಯುವವಳೆಂಬ ಗುರುತು, ಆ ಕೆಂಪು ಎಲ್,
ಗಂಡ ಬರೆದುಕೊಟ್ಟ,
ದೋಣಿಯ ನಂಬರಿಗೆ ತಂದು ಮಿಕ್ಕ ಬಣ್ಣದಲ್ಲಿ.
ಮಾತಾಡಲಿಲ್ಲ. ಕುಂಚ ತೊಳೆದು ಎದ್ದು ಹೋದ.
ಬೆಳಿಗ್ಗೆ ನೋಡಿದರೆ
ಚೈನಿಗೆ ಎಣ್ಣೆ ಬಿದ್ದಿತ್ತು.

ಕಲಿಸಿದವ ಗಜಾ ಬಾಂದೇಕರ, ನೌಕಾನೆಲೆಯ ಹಳೇ ಫಿಟ್ಟರ್.
"ಕ್ಲಚ್ಚು ಬಿಡುವುದೆಂದರೆ, ಶೇವಂತೀ,
ಹಗ್ಗ ಬಿಟ್ಟ ಹಾಗೆ. ಎಸೆಯಬೇಡ, ಬಿಡು."
ಎಸೆದೆ. ಬೈಕು ಕಪ್ಪೆಯ ಹಾಗೆ ಹಾರಿ ಸತ್ತಿತು.
ಎಷ್ಟೋ ಸಲ ಸತ್ತ ಮೇಲೆ ಒಮ್ಮೆ
ಅದೂ ನಾನೂ ಒಟ್ಟಿಗೆ ಸರಿದೆವು,
ಮರಳಿಂದ ನೀರಿಗಿಳಿವ ದೋಣಿಯಂತೆ.

ಮೊದಲ ಪರೀಕ್ಷೆ ಕಂಪ್ಯೂಟರಿನ ಎದುರು.
ಮೂರು ಮೂಲೆಯದು ಎಚ್ಚರಿಕೆ, ದುಂಡಗಿನದು ಆಜ್ಞೆ.
ನಾಲ್ಕಕ್ಕೇ ಶಾಲೆ ಬಿಟ್ಟವಳಿಗೂ ಚಿತ್ರ ಓದಲು ಬಂತು.
ಜಾರುವ ರಸ್ತೆಯ ಚಿತ್ರ ಬಂದಾಗ ಮಾತ್ರ
ಬೆರಳು ಏಳಲಿಲ್ಲ.
ಬಿಣಗಾ ತಿರುವಿನಲ್ಲಿ ಆ ಹುಡುಗ ಬಿದ್ದದ್ದು
ಮರಳಿಗಲ್ಲ, ಡೀಸೆಲ್ಲಿಗಲ್ಲ. ಮೀನಿನ ನೀರಿಗೆ.
ಯಾವ ಲಾರಿಯದೋ, ಯಾರ ಬುಟ್ಟಿಯದೋ.
ಅಂದು ಅದೇ ದಾರಿಯಲ್ಲಿ ನನ್ನದೂ ಸೋರಿತ್ತು.
ಹುಡುಗ ಎದ್ದು ಕುಂಟುತ್ತ ಹೋದ.
ನಾನು ಅಲ್ಲಿಂದ ಇನ್ನೂ ಪೂರ್ತಿ ಎದ್ದಿಲ್ಲ.
ಈಗ ಬುಟ್ಟಿಯ ಕೆಳಗೆ ರಬ್ಬರ್ ಹಾಸು, ಅಂಚು ಮಡಚಿ;
ಒಂದು ಹನಿ ಬಿದ್ದರೂ ನಿಲ್ಲಿಸಿ ಒರೆಸುತ್ತೇನೆ.
ಹುಚ್ಚಿ ಅನ್ನಲಿ.

ಆಮೇಲೆ ಎಂಟು.
ಇಳಿತದ ಹೊತ್ತಿಗೆ ದಂಡೆಯ ಮರಳು ಹಂಚಿನಷ್ಟು ಗಟ್ಟಿ.
ಹಿಮ್ಮಡಿಯಲ್ಲಿ ಎಳೆದೆ: ೮.
ಗಜಾ ಹೊಟ್ಟೆ ಹಿಡಿದು ನಕ್ಕ.
"ಇದಲ್ಲ ಮಾರಾಯ್ತಿ, ಇಂಗ್ಲಿಷಿನದು!"
ನಮ್ಮ ಎಂಟಕ್ಕೆ ಬಾಗಿಲುಂಟು,
ಬಳಸಿ ಬಂದು, ಬಾಲ ಬೀಸಿ,
ಸೀದಾ ಮನೆಗೆ ಹೋಗಬಹುದು.
ಅವರದಕ್ಕೆ ಬಾಗಿಲಿಲ್ಲ. ಹೊಕ್ಕರೆ ಹೊಕ್ಕೆ;
ತಿರುಗು, ಕಾಲೂರದೆ.
"ಚಕ್ರ ನೋಡಬೇಡ," ಅಂದ. "ಹೋಗಬೇಕಾದ ಕಡೆ ನೋಡು.
ಕಣ್ಣು ಹೋದಲ್ಲಿಗೆ ಗಾಡಿ."

ಆ ದಿನ ಹಳದಿ ಗೆರೆಯ ನಡುವೆ
ನೆಲ ಕರೆಯಿತು, ಕಾಲು ಹೋಯಿತು.
ನಲವತ್ತಾರು ವರ್ಷ ನೆಲವನ್ನೇ ನಂಬಿದ ಕಾಲು.
ಇನ್‌ಸ್ಪೆಕ್ಟರ್ ತಲೆ ಎತ್ತದೆ ಬರೆದರು:
"ಏಳು ದಿನ ಬಿಟ್ಟು ಬನ್ನಿ."

ನನ್ನ ಹಿಂದಿದ್ದ ಕಾಲೇಜಿನ ಪೋರ
ಬರಿದಲೆಯಲ್ಲಿ ಬಂದಿದ್ದ. ನನ್ನ ಹೆಲ್ಮೆಟ್ ಬೇಡಿದ,
ಎಂಟು ಸುತ್ತಿ ಪಾಸಾದ, ತಂದು ಕೊಟ್ಟ.
"ಆಂಟೀ, ಒಳಗೆಲ್ಲ ಬಂಗ್ಡೆ ವಾಸನೆ."
ಇರಲಿ ಮಗಾ. ಆ ವಾಸನೆಯೊಳಗೆ
ನಿನ್ನ ತಲೆ ಇಡಿಯಾಗಿತ್ತು.
ಮನೆಗೆ ಹೇಗೆ ಹೋಗುತ್ತೀ ಈಗ?
ಅವನು ನಕ್ಕ. ನಾನು ನಗಲಿಲ್ಲ.
ತಳ್ಳಿಕೊಂಡು ಹೋದ, ನನ್ನ ಕಣ್ಣಳತೆಯವರೆಗಾದರೂ.

ಅಬ್ಬಲಿಗೆ ಹೆಲ್ಮೆಟ್ಟಿನೊಳಗೆ ಚಪ್ಪಟೆಯಾಗುತ್ತದೆ.
ಮುಡಿಯುವುದು ಬಿಟ್ಟಿಲ್ಲ,
ಹೋಗುವಾಗ ಹ್ಯಾಂಡಲಿಗೆ, ಇಳಿದ ಮೇಲೆ ತುರುಬಿಗೆ.

ಇಂದು ಆರನೆಯ ದಿನ. ಸಂಜೆ ಭರತ ಏರುತ್ತಿತ್ತು.
ಒಂದು ತೆರೆ ಬಂದು ಎಂಟರ ಅರ್ಧ ತಿಂದಿತು.
ಉಳಿದರ್ಧದಲ್ಲಿ ಹೋದೆ, ಹೋದರ್ಧವನ್ನು ಕಣ್ಣಲ್ಲೇ ಎಳೆದೆ.
ಇನ್ನೊಂದು ತೆರೆ. ಗೆರೆಯೇ ಇಲ್ಲ.
ಗಾಡಿ ತಿರುಗುತ್ತಲೇ ಇತ್ತು.

ಮನೆಗೆ ಬಂದು ಉಪ್ಪುನೀರು ತೊಳೆದೆ,
ಬ್ರೇಕ್ ಒತ್ತಿ ನೋಡಿದೆ, ಮತ್ತೊಮ್ಮೆ ಒತ್ತಿದೆ.
ಅಂಗಳದಲ್ಲಿ ಗಂಡ
ಸೀಮೆಎಣ್ಣೆಗೆ ಬಟ್ಟೆ ಅದ್ದಿ ಕೂತಿದ್ದ,
ಎಲ್ ಅಳಿಸಲು.

ತಡಿ, ಅಂದೆ.
ನಾಳೆಯಾಗಲಿ.