ಏಳನೇ ನಂಬರಿನ ಲೋಟ

ಮೂವತ್ತೊಂದು ವರ್ಷ ಉಗುಳಿದ ನಾಲಿಗೆ ನನ್ನದು.
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಸಾಲಾಗಿಟ್ಟ ಕಾಫಿ ಬಟ್ಟಲಿಂದ ಚಮಚೆಯಲ್ಲಿ ಸುರ್ರೆಂದು ಎಳೆದು
ಬಾಯ್ತುಂಬ ಆಡಿಸಿ, ಪಕ್ಕದ ಡಬ್ಬಕ್ಕೆ ಉಗಿದು
‘ಮಣ್ಣು’, ‘ಹೊಗೆ’, ‘ಚೀಲದ ವಾಸನೆ’ ಎಂದು ಬರೆದವನು.
ಒಂದು ಗುಟುಕೂ ಒಳಗೆ ಬಿಟ್ಟವನಲ್ಲ.
ಬಿಟ್ಟರೆ ನಿದ್ದೆ ಎಲ್ಲಿ?

ಇಲ್ಲಿ, ಕುಶಾಲನಗರದ ಲಾಡ್ಜಿನ ಮೇಲ್ಮಹಡಿಯಲ್ಲಿ
ಬಿಳಿ ಮೇಜುಬಟ್ಟೆ, ಒಣ ಬ್ರೆಡ್ಡಿನ ತುಂಡು, ಪೆನ್ಸಿಲ್ಲು.
ಡಬ್ಬ ಹುಡುಕಿದೆ.
‘ಉಗುಳುವ ಹಾಗಿಲ್ಲ ಸಾರ್,’ ಡಿಮೆಲ್ಲೊ ನಕ್ಕ,
‘ಬಿಯರಿನ ಕಹಿ ಕೂತಿರುವುದು ಗಂಟಲ ಬಾಗಿಲಲ್ಲಿ.
ನುಂಗದೆ ತೀರ್ಪಿಲ್ಲ.’

ನುಂಗದೆ ತೀರ್ಪಿಲ್ಲ.
ಈ ವಯಸ್ಸಿಗೆ ಹೊಸ ಕಾನೂನು.

ಏಳನೇ ನಂಬರು. ಗೋಧಿಯದು. ಹೆಸರು ಮುಚ್ಚಿದೆ.
ಬಣ್ಣ: ಅಕ್ಕಿ ತೊಳೆದ ಎರಡನೇ ನೀರಿಗೆ
ಒಂದು ಹನಿ ಜೇನು ಬಿದ್ದಂತೆ.
(‘ಮಂಜು’ ಎಂದು ಗೀಚಿದ್ದ ಪಕ್ಕದ ಹುಡುಗ.
ಅಳಿಸಪ್ಪ. ಈ ಜಿಲ್ಲೆಯಲ್ಲಿ ಎಲ್ಲದಕ್ಕೂ ಮಂಜೇ.)
ನೊರೆ ಎದ್ದು ನಿಂತಿತು, ಅವಸರವಿಲ್ಲದೆ ಇಳಿಯಿತು
ಗಾಜಿಗೆ ಬಳೆ ಬಳೆಯಾಗಿ ಅಂಟಿಕೊಂಡು.
ಮೂರಕ್ಕೆ ಮೂರು.

ಮೂಗಿಟ್ಟೆ. ಪಚ್ಚಬಾಳೆ ಹಣ್ಣಾಗುವ ಹಿಂದಿನ ದಿನ.
ಅದರ ಹಿಂದೆ ಲವಂಗ,
ಯಾರೂ ಹಾಕದ ಲವಂಗ, ಯೀಸ್ಟ್ ತಾನೇ ಹೆತ್ತದ್ದು.
ಅದರಾಚೆ... ತಡೆ. ಕಿತ್ತಳೆ ಸಿಪ್ಪೆ.
ಲಾರಿಯಲ್ಲಿ ನಾಗಪುರದಿಂದ ಬಂದದ್ದಲ್ಲ;
ಸಡಿಲ ಅಂಗಿಯ, ಬೀಜ ಜಾಸ್ತಿಯ, ನಮ್ಮದು.
ರೋಗ ಹೊಡೆದು ಎಲ್ಲ ಕಡಿದ ಮೇಲೂ
ಯಾರ ಬೇಲಿಯಂಚಿನಲ್ಲಿ ಉಳಿದಿತ್ತೋ ಒಂದು ಮರ.
ಮೂಗು ಊರು ಕೇಳಬಾರದು.
ಕೇಳಿತು.

ಮೊದಲ ಗುಟುಕಿಗೆ ಡಿಮೆಲ್ಲೊ ಬರೆದ: ‘ತೆಳು.’
ನಾನು ಬರೆದೆ: ‘ಹಗುರ.’
ಅಲ್ಲಿಂದ ಶುರು ಜಗಳ.

ತೆಳು ಎಂದರೆ, ನೆಂಟರು ಹೆಚ್ಚಾದಾಗ ಸಾರಿಗೆ ಬಿದ್ದ ನೀರು.
ಹಗುರ ಎಂದರೆ, ಸಂಜೆ ತೂಕದ ಹತ್ತಿರ ಚೀಲ ಇಳಿಸಿ
ಲೈನ್‌ಮನೆಗೆ ಮರಳುವವಳ ನಡಿಗೆ.
ಅದರಲ್ಲಿ ಏನೋ ಕಳೆದಿದೆ.
ಇದರಲ್ಲಿ ಏನೋ ಇಳಿದಿದೆ.
ಎರಡಕ್ಕೂ ಒಂದೇ ಅಂಕ ಕೊಡುವುದಾದರೆ
ನಾಲಿಗೆ ಯಾಕೆ ಮಾರಾಯ, ತಕ್ಕಡಿ ಸಾಕಲ್ಲ?

ಆತ ಒಂದು ಏರಿಸಿದ. ನಾನು ಕಾದೆ.
ತಣ್ಣಗಿರುವಾಗ ಎಲ್ಲರೂ ಒಳ್ಳೆಯವರೇ.
ಅಂಗೈಯಲ್ಲಿ ಲೋಟ ಬೆಚ್ಚಗಾಗುತ್ತ ಬಂದಾಗ
ಹಿಂದಿನಿಂದ ಬಂತು ಒಂದು ಬಿಳಿ ಕಹಿ,
ಹಾಪ್ಸಿನದಲ್ಲ, ಸಿಪ್ಪೆಯ ಒಳಮೈಯ ನಾರಿನದು.
ಗಂಟಲ ಬಾಗಿಲಲ್ಲೇ ಕೂತಿತ್ತು, ಹೇಳಿದ ಜಾಗದಲ್ಲಿ.
ಉಗುಳಿದ್ದರೆ ಸಿಗುತ್ತಿರಲಿಲ್ಲ.

ಐವತ್ತಕ್ಕೆ ಮೂವತ್ತಾರು.
ಷರಾ: ‘ಚಾಕು ಆಳಕ್ಕೆ ಹೋಗಿದೆ. ಉಳಿದದ್ದು ಚಂದ.’

ಕೆಳಗೆ, ಜೀಪಿಗೆ ಡ್ರಮ್ಮು ಏರಿಸುತ್ತಿದ್ದ ಹುಡುಗಿ
ಹಾಳೆ ಓದಿ ನೇರ ನನ್ನ ಬಳಿ ಬಂದಳು.
ಗಮ್‌ಬೂಟು, ಮೊಣಕೈಗೆ ಆವಿ ಸುಟ್ಟ ಕಲೆ, ಹೆಸರು ಬೊಳ್ಳಮ್ಮ.
‘ರಾತ್ರಿ ಎರಡಕ್ಕೆ ಕರೆಂಟು ಹೋಗಿತ್ತು.
ಮೊಬೈಲು ಬಾಯಲ್ಲಿ ಕಚ್ಚಿ, ಅದರ ಬೆಳಕಲ್ಲಿ ಸುಲಿದೆ.
ನಿಮಗೆ ಹೇಗೆ ಗೊತ್ತಾಯಿತು?’
‘ನುಂಗಿದೆನಲ್ಲ,’ ಎಂದೆ.
ಅವಳು ನಗಲಿಲ್ಲ.
ಹಾಳೆಯನ್ನು ನಾಲ್ಕಾಗಿ ಮಡಿಸಿ ಬೂಟಿನೊಳಗೆ ತುರುಕಿದಳು.

ಸುಂಟಿಕೊಪ್ಪದ ಬಸ್ಸು, ಕಿಟಕಿ ಸೀಟು.
ಸೇತುವೆ ದಾಟಿದ ಮೇಲೆ ಒಂದು ತೇಗು ಬಂತು:
ಬರೀ ಕಿತ್ತಳೆ. ಕಹಿಯ ಸುಳಿವೇ ಇಲ್ಲ.
ಮೂವತ್ತೇಳು ಕೊಡಬಹುದಿತ್ತೇನೋ.
ಇಲ್ಲ.
ಮೂವತ್ತಾರೇ.