ಅಂಗಾತ

ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆ ಕೆರೆದವನು ನಾನು,
ವಾಸ್ಕೋದ ಡ್ರೈಡಾಕಿನಲ್ಲಿ.
ಈಗ ಚಿಖಲಿಯ ಬಾಡಿಗೆ ಮನೆಯ ಮುಂದೆ, ಮೇ ತಿಂಗಳ ಭಾನುವಾರ,
ಫ್ರಿಜ್ಜಿನ ರಟ್ಟು ಹಾಸಿಕೊಂಡು
ನನ್ನದೇ ಮ್ಯಾಟಡೋರಿನ ಕೆಳಗೆ ತೂರಿದ್ದೇನೆ.
ಹೊರಗೆ ಉಳಿದಿರುವುದು ಎರಡು ಕಾಲು.
ದ್ಯಾಮವ್ವ ಅವುಗಳ ಜೊತೆಗೇ ಮಾತಾಡುತ್ತಾಳೆ:
"ಪರದೆ ಹೊಲದೀನಿ, ಗ್ಯಾಸಿನ ಒಲಿ ಕೂರಿಸೀನಿ,
ಹಾಸಿಗಿ ಮಡಚಿದರ ಬೆಂಚು, ಬಿಚ್ಚಿದರ ಮಂಚ.
ಇನ್ನೇನು ಬಾಕಿ ಐತಿ?"

ಬಾಕಿ ಇರುವುದು ಇದು.
ಮೇಲೆಲ್ಲ ಥಳುಕು ಎಂಬ ಗಾದೆಯ ಉಳಿದರ್ಧ
ನನ್ನ ಮೂಗಿನಿಂದ ಒಂದು ಗೇಣು ದೂರ.

ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತ ಹೋಗುತ್ತೇನೆ.
ಠಣ್ ಅಂದರೆ ಕಬ್ಬಿಣ.
ದಪ್ ಅಂದರೆ ಕಬ್ಬಿಣ ಇದ್ದ ಜಾಗ.
ಕಲ್ಲಂಗಡಿ ಕೊಳ್ಳುವವರಂತೆ ಕಿವಿ ಕೊಡಬೇಕು.

ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಬೆನ್ನಿಗೆ ಬರೆದದ್ದು:
ಮೊದಲು ಬ್ರೇಕಿನ ಪೈಪು. ಅದಕ್ಕೆ ಚೌಕಾಸಿ ಇಲ್ಲ.
ಆಮೇಲೆ ಹಿಂದಿನ ಅಡ್ಡಪಟ್ಟಿ,
ಅವಳ ನೀರಿನ ಟಾಕಿಯ ಭಾರ ಹೊರಬೇಕಾದ್ದು ಅದೇ.
ಬುಶ್ಶುಗಳು. ರೊಕ್ಕ ಉಳಿದರೆ ಸೈಲೆನ್ಸರು.
'ರೊಕ್ಕ ಉಳಿದರೆ' ಎಂಬುದನ್ನು ಎರಡು ಸಲ ಬರೆದಿದ್ದೇನೆ,
ಒಂದು ಸಲ ಹೊಡೆದು ಹಾಕಿದ್ದೇನೆ.

ಹಿಂದಿನ ಮಾಲೀಕ ಪೂರ್ತಿ ಡಾಂಬರು ಬಳಿದಿದ್ದಾನೆ, ಪುಣ್ಯಾತ್ಮ.
ತುಕ್ಕಿನ ಮೇಲೆ ಬಳಿದದ್ದು ತುಕ್ಕಿಗೆ ಕಂಬಳಿ;
ಬೆಚ್ಚಗೆ ಬೆಳೆಯುತ್ತದೆ ಒಳಗೊಳಗೆ.
ಹಡಗಾದರೆ ನಾಲ್ಕು ಜನ, ಮರಳು ಚಿಮ್ಮುವ ಪೈಪು,
ಬೆಳಗಾಗುವುದರೊಳಗೆ ಲೋಹ ಬೆಳ್ಳಗಾಗುತ್ತಿತ್ತು.
ಇಲ್ಲಿ ನಾನು, ಒಂದು ತಂತಿ ಬ್ರಶ್ಶು,
ಕಣ್ಣಿಗೆ ಮೊಮ್ಮಗನ ಈಜುಗನ್ನಡಕ.

ಡ್ರೈವರ್ ಸೀಟಿನ ಕೆಳಗೆ ಡಾಂಬರು ಚಕ್ಕೆಯಾಗಿ ಎದ್ದು
ಹಳದಿ ಕಂಡಿತು. ತೇಪೆಯ ತಗಡು.
ಇನ್ನಷ್ಟು ಕೆರೆದೆ. ಕರಿ ಅಕ್ಷರ, ತಲೆಕೆಳಗು.
ರಟ್ಟಿನ ಮೇಲೆ ಅರ್ಧ ಸುತ್ತು ಸರಿದು ಓದಿದೆ:
'ಧಾನವಾಗಿ ಚ'.

ಯಾವ ಘಾಟಿನ ತಿರುವಿನಿಂದ, ಯಾವ ರಾತ್ರಿ,
ಯಾವ ಗ್ಯಾರೇಜಿನವನು ಕತ್ತರಿಸಿ ತಂದನೋ.
'ನಿ' ಕಂಬದ ಮೇಲೆಯೇ ಉಳಿದಿರಬೇಕು,
ಅದಿರು ಲಾರಿಗಳಿಗೆ ಒಂದಕ್ಷರದ ಬುದ್ಧಿ ಹೇಳುತ್ತ.
ಆರು ವರ್ಷ ಈ ಮಾತಿನ ಮೇಲೆ ಕುಂಡೆಯೂರಿ
ಎಂಬತ್ತರಲ್ಲಿ ಗಾಡಿ ಹೊಡೆದಿದ್ದೇನೆ.

ಸಂಜೆ ಬಂದ ಕಾಯ್ತಾನ್, ವೆಲ್ಡಿಂಗಿನವನು.
ಕುಕ್ಕರಗಾಲಲ್ಲಿ ಕೂತು ಟಾರ್ಚು ಬಿಟ್ಟ:
"ಪಾತ್ರಾಂವ್, ಇದು ಬಿಸ್ಕೀಟಿನ ಡಬ್ಬಿ. ಕತ್ತರಿಸಿ ಒಗೆಯಬೇಕು.
ಮೂರು ಮಿಲಿಮೀಟರ್ ಪ್ಲೇಟು, ಎರಡು ದಿನದ ಕೆಲಸ.
ನಡುವೆ ಮಳೆ ಬಂದರೆ ನನ್ನನ್ನು ಕೇಳಬೇಡ."
ನಾನೂ ಅದನ್ನೇ ಹೇಳುತ್ತಿದ್ದೆ.
ಅಕ್ಷರಕ್ಕೆ ಮರುಗಿ ತೂತು ಉಳಿಸಿದ ಫೋರ್‌ಮನ್ನನ್ನು
ನಾನಂತೂ ಕಂಡಿಲ್ಲ.

"ಹೊರಡೂದು ಯಾವಾಗ?" ಅಂದಳು ದ್ಯಾಮವ್ವ, ಮತ್ತೆ ಕಾಲುಗಳಿಗೆ.
ಅವಳ ಪಟ್ಟಿಯೇ ಬೇರೆ: ಅದರಲ್ಲಿ ಬುಶ್ಶಿಲ್ಲ, ಬ್ರೇಕಿಲ್ಲ,
ಕೆಂಪಿಂಡಿ ಇದೆ, ಎರಡು ಕೊಡೆ ಇದೆ,
ನರಗುಂದದಲ್ಲಿ ತಂಗಿಯ ಮನೆ, ಅದರಾಚೆ ನಾವಿಬ್ಬರೂ ನೋಡದ ಊರುಗಳು.
"ಗಣಪತಿ ಹಬ್ಬ ಆದಮ್ಯಾಲೆ."
"ಹ್ಞೂಂ. ಹೋದ ವರ್ಷದ ಗಣಪತಿನೂ ಮುಳುಗಿ ಹೋದ."

ಏಪ್ರಿಲ್ ಹಾಳೆಯ ಮೂಲೆಯಲ್ಲಿ ಜಾಗ ಮಾಡಿ ಬರೆದೆ:
ಹಳದಿ ತಗಡು ಗುಜರಿಗಲ್ಲ.
ಒಲೆಯ ಹಿಂದೆ ಬಡಿಯುವುದು, ಬೆಂಕಿಗೆ ಅಡ್ಡ.

ಅವಳೂ ಬಗ್ಗಿ ನೋಡಿದಳು, ಸೊಂಟ ಹಿಡಿದು,
ಒಂದೊಂದೇ ಅಕ್ಷರ ಕೂಡಿಸಿ.
"ಒಲಿ ಹಿಂದನ? ಹಂಗಾದರ ಕೊನೀದಕ್ಕ ಒಂದು ದೀರ್ಘ ಎಳಿ.
ಚಾ ಆಗತೈತಿ."

ನಗು ಬಂದು ತಲೆ ಎತ್ತಿ ಹಣೆಗೆ ಪೆಟ್ಟು.
ಠಣ್ ಅಂದಿತು. ಅಲ್ಲಿ ಗಟ್ಟಿಯಿದೆ.
ಬಲಗಡೆ ಇನ್ನೂ ಬಡಿದು ನೋಡಿಲ್ಲ.